ಸವಣೂರಿನಿಂದ ಮದಗದ ಕೆರೆಯವರೆಗೆ

ಮೂವತ್ತು ವರುಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ನಾನು. ಕದಂಬರು, ಚಾಲುಕ್ಯರು, ಹೊಯ್ಸಳರು, ನವಾಬರು — ಯಾರು ಯಾರನ್ನು ಯಾವ ವರುಷ ಸೋಲಿಸಿದರೆಂಬುದನ್ನು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲೆ. ಆದರೆ ಕಳೆದ ಮಾಘಮಾಸದ ಒಂದು ದಿನ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ಸುತ್ತಿ ಬಂದ ಮೇಲೆ, ನಾನು ಹೇಳಿದ ಪಾಠದಲ್ಲಿ ಮುಖ್ಯವಾದದ್ದೊಂದು ಬಿಟ್ಟುಹೋಗಿತ್ತೆಂದು ಮನಸ್ಸಿಗೆ ಬಂತು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕೆಂದು ಈ ಬರಹ.

ಸಂದರ್ಭ ಬಹಳ ಸಣ್ಣದು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು ಎರಡು ದಿನದ ರಜೆಗೆ ಹುಬ್ಬಳ್ಳಿಗೆ ಬಂದಿದ್ದಳು. ಗುಡಿ ಗೋಪುರ ನೋಡಬೇಕು, ಕಾಡು ನೋಡಬೇಕು, ನೀರಿನ ದಂಡೆಯ ಮೇಲೆ ಕೂಡಬೇಕು, ಎಲ್ಲವೂ ಒಂದೇ ದಿನದಲ್ಲಿ ಆಗಬೇಕು ಎಂದು ಅವಳ ಹಟ. ನಮ್ಮ ಓಣಿಯಲ್ಲಿಯೇ ನೀರಾವರಿ ಖಾತೆಯಿಂದ ನಿವೃತ್ತರಾದ ಓವರ್ಸಿಯರರೊಬ್ಬರಿದ್ದಾರೆ. ಹಾನಗಲ್ಲು, ಹಿರೇಕೆರೂರುಗಳ ಕೆರೆಗಳನ್ನು ಅಳೆಯುತ್ತಲೇ ಅವರ ಪ್ರಾಯ ಕಳೆದಿದೆ. ದಾರಿ ತೋರಿಸಲು ಬರುತ್ತೀರಾ ಎಂದು ಕೇಳಿದೆ. "ಬರತೀನ್ರಿ ಮಾಸ್ತರ. ಆದರ ನಾ ತೋರಿಸಿದಂಗ ನೋಡಬೇಕು" ಎಂದರು. ಒಪ್ಪಿದೆ. ಆ ಕರಾರು ಎಷ್ಟು ದೂರ ಒಯ್ಯುವುದೆಂದು ಆಗ ನನಗೆ ತಿಳಿಯಲಿಲ್ಲ.

ಇಂದು ಈ ನಾಲ್ಕೂ ಊರುಗಳು ೧೯೯೭ರಲ್ಲಿ ಹುಟ್ಟಿದ ಹಾವೇರಿ ಜಿಲ್ಲೆಯವು. ಅದಕ್ಕೆ ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದವು. ಇಂಗ್ಲಿಷರ ಕಾಲದ ಕಾಗದಗಳಲ್ಲಿ ಶಿಗ್ಗಾವಿಯಲ್ಲಿ ಕಚೇರಿಯಿದ್ದ ತಾಲ್ಲೂಕಿಗೆ ಬಂಕಾಪುರ ತಾಲ್ಲೂಕೆಂದೂ, ಹಿರೇಕೆರೂರಿನಲ್ಲಿ ಕಚೇರಿಯಿದ್ದದ್ದಕ್ಕೆ ಕೋಡ ತಾಲ್ಲೂಕೆಂದೂ ಹೆಸರು. ಹಾನಗಲ್ಲಿನ ಹೆಸರು ಮಾತ್ರ ಬದಲಾಗಲಿಲ್ಲ. ಸವಣೂರು ಬೇರೆಯೇ ಒಂದು ಸಂಸ್ಥಾನ.

ಶಿಗ್ಗಾವಿಯಲ್ಲಿ ಚಹಾ ಕುಡಿದು ಹೊರಟೆವು. ಈ ಒಂದು ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು, ಶಿಶುವಿನಹಾಳದಲ್ಲಿ ೧೮೧೯ರಲ್ಲಿ ಶರೀಫಸಾಹೇಬರು ಹುಟ್ಟಿದರು ಎಂದು ಮೊಮ್ಮಗಳಿಗೆ ಹೇಳುತ್ತಿರುವಷ್ಟರಲ್ಲಿ ಸವಣೂರು ಬಂತು.

ಸವಣೂರಿನ ನವಾಬರದು ಏರಿಳಿತದ ಕಥೆ. ೧೬೮೬ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಆ ಬಳಿಕ ಅಬ್ದುಲ್ ರವೂಫ್ ಖಾನನಿಗೆ ಬಾದಶಹನಿಂದ ಬಂಕಾಪುರವೇ ಮೊದಲಾದ ೨೨ ಮಹಾಲುಗಳ ಜಹಗೀರು ದೊರೆಯಿತು. ಮೊದಲು ಬಂಕಾಪುರ, ಆಮೇಲೆ ಸವಣೂರು ಅವರ ರಾಜಧಾನಿ. ಆ ಮೇಲೆ ಎಲ್ಲ ಕಡೆಯ ದಂಡುಗಳೂ ಈ ಊರ ಮೇಲೆ ನಡೆದವು. ೧೭೫೬ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ಹೈದರಾಬಾದಿನ ಸಲಾಬತ್ ಜಂಗನೂ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೊಡನೆ ಬಂದು ಮುತ್ತಿಗೆ ಹಾಕಿದರು. ಹೈದರಾಲಿ ಮೊದಲು ಯುದ್ಧ ಮಾಡಿದ, ಆಮೇಲೆ ಬೀಗತನ ಮಾಡಿದ. ಬೀಗತನವಿದ್ದರೂ ೧೭೮೬ರಲ್ಲಿ ಟಿಪ್ಪು ಊರನ್ನು ಹಿಡಿದ. ನವಾಬನು ಮರಾಠರ ಆಸರೆಗೆ ಓಡಿದ. ಕಡೆಗೆ ಉಳಿದದ್ದು ಸುಮಾರು ೭೦ ಚದರ ಮೈಲಿಯ ಪುಟ್ಟ ಸಂಸ್ಥಾನ. ೧೯೪೮ರಲ್ಲಿ ಅದೂ ಭಾರತದಲ್ಲಿ ಸೇರಿಹೋಯಿತು. ವಿ. ಕೃ. ಗೋಕಾಕರು ೧೯೦೯ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಊರಿನ ಖಾರಕ್ಕೂ ವೀಳ್ಯದೆಲೆಗೂ ಇಂದಿಗೂ ಹೆಸರಿದೆ.

ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಓವರ್ಸಿಯರರು ತಾಳ್ಮೆಯಿಂದ ಕೇಳಿ, "ಎಲ್ಲಾ ಖರೆ. ಆದರ ಇಷ್ಟು ದಂಡು ಬಂತಲ್ಲ, ಇವರೆಲ್ಲಾ ನೀರು ಎಲ್ಲಿಂದ ಕುಡದ್ರು?" ಎಂದರು. ನಾನು ಸುಮ್ಮನಾದೆ. ಮೊಮ್ಮಗಳು ನಕ್ಕಳು. ಆ ದಿನವೆಲ್ಲ ಅವರು ಪ್ರತಿಯೊಂದು ಊರಲ್ಲಿಯೂ ಇದೇ ಪ್ರಶ್ನೆ ಕೇಳಿದರು.

ಅವರು ನಮ್ಮನ್ನು ಕೋಟೆಯ ಕಡೆಗೆ ಕರೆದೊಯ್ಯಲಿಲ್ಲ, ದೊಡ್ಡಹುಣಸೆ ಕಲ್ಮಠಕ್ಕೆ ಕರೆದೊಯ್ದರು. ಅಲ್ಲಿಯ ಮೂರು ಮಹಾವೃಕ್ಷಗಳೇ ಮೊಮ್ಮಗಳ ಕಾಡಿನ ಆಸೆಗೆ ಉತ್ತರವೆಂದು ಅವರ ಎಣಿಕೆ. ಒಂದು ಗಿಡವನ್ನು ಅಪ್ಪಿ ನಾವು ಮೂವರೂ ಕೈಚಾಚಿ ನಿಂತರೆ ಅರ್ಧ ಸುತ್ತೂ ಆಗಲಿಲ್ಲ. ಎಲೆ ಉದುರಿ ಬರಿದಾದ ಕೊಂಬೆಗಳು ಬೇರುಗಳಂತೆ ಆಕಾಶಕ್ಕೆ ಚಾಚಿಕೊಂಡಿದ್ದವು. ಜನ ಇವಕ್ಕೆ ಎರಡು ಸಾವಿರ ವರುಷವೆನ್ನುತ್ತಾರೆ. ಹೆಸರಿನಲ್ಲಿ ಹುಣಸೆಯಿದ್ದರೂ ಇದು ನಮ್ಮ ಹುಣಸೆಯ ಜಾತಿಯಲ್ಲ. ಕಾಯೊಳಗಿನ ತಿರುಳು ಹುಳಿಯಾದ್ದರಿಂದ ಆ ಹೆಸರು ಬಂತು. ಇದು ಆಫ್ರಿಕದ ಬಾವೊಬಾಬ್. ರಾತ್ರಿ ಅರಳುವ ಇದರ ಬಿಳಿಯ ಹೂವಿಗೆ ಬಾವಲಿಗಳೇ ದುಂಬಿಗಳು. ಈ ಜಾತಿಯ ಬೀಜಗಳು ಆಫ್ರಿಕದ ಕರಾವಳಿಯಿಂದ ಒಂದೇ ಸಲವಲ್ಲ, ಹಲವು ಸಲ ಮನುಷ್ಯರ ಕೈಯಲ್ಲಿ ಹಿಂದೂಸ್ಥಾನಕ್ಕೆ ಬಂದಿವೆಯೆಂದು ೨೦೧೫ರಲ್ಲಿ ಪ್ರಕಟವಾದ ಒಂದು ವಂಶವಾಹಿ ಸಂಶೋಧನೆ ತೋರಿಸಿದೆ. ವ್ಯಾಪಾರಿಗಳೂ ನಾವಿಕರೂ ಸೈನಿಕರೂ ಸಮುದ್ರ ದಾಟಿದಾಗ ಅವರ ಗಂಟಿನಲ್ಲಿ ಈ ಬೀಜಗಳೂ ದಾಟಿದವು.

"ಇದು ಗಿಡ ಅಲ್ಲ ತಂಗಿ, ಕೆರಿ" ಎಂದರು ಓವರ್ಸಿಯರರು, ಕಾಂಡವನ್ನು ತಟ್ಟುತ್ತ. ಮಾತು ಸುಳ್ಳಲ್ಲ. ಬಾವೊಬಾಬಿನ ಕಾಂಡ ಗಟ್ಟಿಯಾದ ಕಟ್ಟಿಗೆಯಲ್ಲ, ನಾರು ತುಂಬಿದ ಮೆತ್ತನೆಯ ಒಡಲು. ಮಳೆಗಾಲದಲ್ಲಿ ಹೀರಿದ ನೀರನ್ನು ಅದರೊಳಗೆ ಇಟ್ಟುಕೊಂಡೇ ಅದು ಬೇಸಿಗೆಯನ್ನು ದಾಟುತ್ತದೆ.

೨೦೨೩ರ ಜುಲೈ ತಿಂಗಳ ಮಳೆಗೆ ಈ ಮೂರರಲ್ಲಿ ಒಂದು ಬುಡಸಹಿತ ಉರುಳಿತು. ಬಿದ್ದ ಗಿಡವನ್ನು ಕಡಿದು ಸಾಗಿಸುವುದೇ ನಮ್ಮಲ್ಲಿ ರೂಢಿ. ಇಲ್ಲಿ ಹಾಗಾಗಲಿಲ್ಲ. ಭಾರೀ ಯಂತ್ರಗಳನ್ನು ತರಿಸಿ, ಅದನ್ನು ಎತ್ತಿ ಮತ್ತೆ ನೆಲದಲ್ಲಿ ನಿಲ್ಲಿಸಿದರು. "ಬದುಕೇತೋ ಇಲ್ಲೋ?" ಎಂದು ಮೊಮ್ಮಗಳು ಕೇಳಿದಳು. "ಮಾಘದಾಗ ಕೇಳಬಾರದು. ಈಗ ಬದುಕಿದ್ದೂ ಬೋಳು, ಸತ್ತದ್ದೂ ಬೋಳು. ಮಳಿ ಬಂದ ಮ್ಯಾಲೆ ಬಂದು ನೋಡು" ಎಂದರು ಅವರು. ಇತಿಹಾಸದ ಮಾಸ್ತರನಿಗೂ ಒಪ್ಪುವ ಮಾತೇ ಅದು.

ಅಲ್ಲಿಂದ ಬಂಕಾಪುರಕ್ಕೆ ಬಂದೆವು. ಇದು ಶಿಗ್ಗಾವಿ ತಾಲ್ಲೂಕಿನಲ್ಲಿದ್ದರೂ ಹಿರಿಮೆಯಲ್ಲಿ ಶಿಗ್ಗಾವಿಗಿಂತ ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೆಯನ ಹೆಸರೇ ಊರಿಗೆ ಬಂದಿದೆ. ಬಂಕೆಯನ ಮಗ ಲೋಕಾದಿತ್ಯನು ಇಲ್ಲಿ ಆಳುತ್ತಿದ್ದಾಗ, ಶಕ ೮೨೦ರಲ್ಲಿ, ಎಂದರೆ ಕ್ರಿ. ಶ. ೮೯೮ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿಯೇ ಪೂಜೆ ನಡೆಯಿತೆಂದು ಆ ಗ್ರಂಥದ ಪ್ರಶಸ್ತಿ ಹೇಳುತ್ತದೆ. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಹಿಡಿದು ದೇಹಬಿಟ್ಟದ್ದು ಇದೇ ಊರಲ್ಲಿ, ೯೭೪ರ ಸುಮಾರಿಗೆ.

ಈಗ ಕೋಟೆಯೊಳಗೆ ಆಳುವವು ನವಿಲುಗಳು. ೨೦೦೬ರಲ್ಲಿ ಸರಕಾರ ಇಲ್ಲಿಯ ೧೩೯ ಎಕರೆಯನ್ನು ನವಿಲುಧಾಮವೆಂದು ಸಾರಿತು. ಖಿಲಾರಿ ದನಗಳ ತಳಿ ಬೆಳೆಸುವ ಕೇಂದ್ರವೂ ಒಳಗಿದೆ. ನಾಗರೇಶ್ವರ ಗುಡಿಗೆ ಜನ ಅರವತ್ತು ಕಂಬದ ಗುಡಿಯೆನ್ನುತ್ತಾರೆ. ಸುತ್ತಲಿನ ನೆಲ ಏರಿರುವುದರಿಂದ ಗುಡಿಗೆ ಇಳಿದುಹೋಗಬೇಕು. ಕಡೆದ ಕಂಬಗಳ ನಡುವಿನ ತಂಪಿನಲ್ಲಿ ಕುಳಿತಾಗ ಹೊರಗಿನಿಂದ ನವಿಲಿನ ಕೂಗು ಕೇಳುತ್ತಿತ್ತು. ಓವರ್ಸಿಯರರು ಮಾತ್ರ ಕಂಬಗಳನ್ನು ಬಿಟ್ಟು ಮೊಮ್ಮಗಳನ್ನು ಕಂದಕದ ಅಂಚಿಗೆ ಕರೆದೊಯ್ದು, ವೈರಿಗೆಂದು ತೋಡಿದ ತಗ್ಗಿನಲ್ಲಿ ಪೊದೆ ಬೆಳೆದು ಹಕ್ಕಿಗಳಿಗೆ ಮನೆಯಾದದ್ದನ್ನು ತೋರಿಸಿದರು. "ಕೋಟಿ ಯಾರನ್ನೂ ಕಾಯಲಿಲ್ಲ. ಕಂದಕ ನವಿಲನ್ನ ಕಾಯಾಕತ್ತೈತಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ಹಾನಗಲ್ಲಿಗೆ ಬಂದೆವು. ಇದು ನನ್ನ ತಾಯಿಯ ತವರು. ಶಾಸನಗಳಲ್ಲಿ ಇದು ಪಾನುಂಗಲ್ಲು. ಐನೂರು ಹಳ್ಳಿಗಳ ನಾಡಾದ್ದರಿಂದ ಪಾನುಂಗಲ್ ಐನೂರು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿ ಕದಂಬರ ಒಂದು ಶಾಖೆ ಇಲ್ಲಿ ಆಳಿತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂದು ಊರವರು ಕುಂತಿಯ ದಿಬ್ಬವನ್ನು ತೋರಿಸುತ್ತಾರೆ. ಇದನ್ನು ಬರಿಯ ಅಜ್ಜಿಕಥೆಯೆಂದು ತಳ್ಳಿಬಿಡಬಾರದು, ಏಕೆಂದರೆ ಶಾಸನಗಳಲ್ಲಿಯೇ ಈ ಊರಿಗೆ ವಿರಾಟನ ಕೋಟೆಯೆಂಬ ಹೆಸರಿದೆ. ವಿರಾಟನು ಇಲ್ಲಿದ್ದನೋ ಇಲ್ಲವೋ, ಇದ್ದನೆಂಬ ನಂಬಿಗೆಗೆ ಮಾತ್ರ ಹಲವು ಶತಮಾನಗಳ ವಯಸ್ಸಾಗಿದೆ.

ತಾರಕೇಶ್ವರನ ಗುಡಿಯ ಭುವನೇಶ್ವರಿಯ ಕೆಳಗೆ ನಿಂತು ಕತ್ತೆತ್ತಿ ನೋಡದವನು ಚಾಲುಕ್ಯ ಶಿಲ್ಪವನ್ನು ನೋಡಿದೆನೆಂದು ಹೇಳಬಾರದು. ಎಂಟು ಮೂಲೆಯ ಛತ್ತು ಬಳೆಬಳೆಯಾಗಿ ಕಿರಿದಾಗುತ್ತ ಮೇಲೇರಿ, ನಡುವೆ ಒಂದು ದೊಡ್ಡ ಕಮಲವಾಗಿ ಕೆಳಗೆ ತೂಗುತ್ತದೆ. ಮೊಮ್ಮಗಳು ನೆಲದ ಮೇಲೆ ಅಂಗಾತ ಮಲಗಿಯೇ ನೋಡಿದಳು. ಅದೇ ಸರಿಯಾದ ರೀತಿ ಎಂದು ನನಗೂ ಅನಿಸಿತು. ಓವರ್ಸಿಯರರು ಕೂಡ ಇಲ್ಲಿ ನೀರಿನ ಮಾತು ತೆಗೆಯದೆ ಬಹಳ ಹೊತ್ತು ಸುಮ್ಮನೆ ನಿಂತರು.

ಆಮೇಲೆ ಆನೆಕೆರೆಗೆ ಹೋದೆವು. ಚಿಕ್ಕವನಿದ್ದಾಗ ರಜೆಯಲ್ಲಿ ಬಂದು ನಾನು ಈಜು ಕಲಿತದ್ದು ಈ ಕೆರೆಯಲ್ಲಿ. ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ ತಿನ್ನುತ್ತ ಮೊಮ್ಮಗಳಿಗೆ ಮುತ್ತಿಗೆಯ ಕಥೆ ಹೇಳಿದೆ.

ಹೊಯ್ಸಳ ವಿಷ್ಣುವರ್ಧನನು ಒಮ್ಮೆ ಈ ಊರನ್ನು ಗೆದ್ದು 'ಹಾನುಂಗಲ್ಗೊಂಡ' ಎಂಬ ಬಿರುದನ್ನೇ ಧರಿಸಿದ್ದ. ಆಮೇಲೆ ಊರು ಮತ್ತೆ ಕದಂಬರದಾಯಿತು. ಹನ್ನೆರಡನೆಯ ಶತಮಾನ ಮುಗಿಯುವ ಹೊತ್ತಿಗೆ ಚಾಲುಕ್ಯರ ಆಳ್ವಿಕೆ ಕುಸಿದು, ಉತ್ತರದಿಂದ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ಅವರ ನಾಡಿಗಾಗಿ ಕಾದಾಡತೊಡಗಿದರು. ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳನು ಸೊರಟೂರಿನಲ್ಲಿ ಸೇವುಣರನ್ನು ಮುರಿದು, ೧೧೯೬ರಲ್ಲಿ ಹಾನಗಲ್ಲಿನ ಮೇಲೆ ಬಂದ. ಅವನು ಬೀಡುಬಿಟ್ಟದ್ದು ಈ ಆನೆಕೆರೆಯ ಬಳಿಯಲ್ಲಿಯೇ. ಕದಂಬ ಕಾಮದೇವನ ದಂಡನಾಯಕ ಸೋಹಣಿ, ಅವನ ಮಗ ಪದ್ಮಯ್ಯ, ಇಬ್ಬರೂ ಹೊರಬಿದ್ದು ಕಾದಿ ಬಲ್ಲಾಳನನ್ನು ಹಿಮ್ಮೆಟ್ಟಿಸಿದರು. ಸೋಹಣಿ ಆ ಕಾಳಗದಲ್ಲಿ ಮಡಿದ. ಹಾನಗಲ್ಲಿನ ಒಂದು ವೀರಗಲ್ಲು ಈ ಮುತ್ತಿಗೆಯನ್ನು ಕಡೆದು ತೋರಿಸಿದೆ. ಬಲ್ಲಾಳನ ಕೈ ಮುಂದೆ ಮೇಲಾಯಿತಾದರೂ ಕಾಮದೇವನು ೧೨೦೩ರಲ್ಲಿಯೂ ಹೊಯ್ಸಳರೊಡನೆ ಕಾದಾಡುತ್ತಲೇ ಇದ್ದ.

ಕಥೆ ಕೇಳಿದ ಮೊಮ್ಮಗಳು ಕೆರೆಯ ಕಡೆ ನೋಡಿ, "ಅಜ್ಜಾ, ಸತ್ತವರ ಹೆಸರು ಕಲ್ಲಿನ ಮ್ಯಾಲೆ ಐತಿ. ಈ ಕೆರಿ ತೋಡಿದವರ ಹೆಸರು ಎಲ್ಲೈತಿ?" ಎಂದು ಕೇಳಿದಳು.

ವಾಚಕರೇ, ಮೂವತ್ತು ವರುಷದಲ್ಲಿ ನಾನು ಈ ಕೆರೆಯ ಹೆಸರನ್ನು ತರಗತಿಯಲ್ಲಿ ಎಷ್ಟು ಸಲ ಎತ್ತಿರಬಹುದು? 'ಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟನು' ಎಂಬ ಒಂದೇ ವಾಕ್ಯದಲ್ಲಿ, ವರುಷಕ್ಕೊಂದು ಸಲ. ನಾನು ಈಜಿದ ನೀರು, ನನ್ನ ತಾಯಿ ಹೊತ್ತು ತಂದ ನೀರು, ಆ ವಾಕ್ಯದಲ್ಲಿ ಬರಿಯ ಒಂದು ಗುರುತಿನ ಜಾಗವಾಗಿತ್ತು. ಸಾವಿರಾರು ಆನೆ ಕುದುರೆ ಕಾಲಾಳುಗಳ ದಂಡು ಕೆರೆಯ ಬಳಿಯಲ್ಲೇ ಏಕೆ ನಿಂತಿತೆಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರು ತನಗೆಂದು ಕಟ್ಟಿಕೊಂಡ ಕೆರೆಯ ನೀರನ್ನು ಕುಡಿದೇ ವೈರಿ ಊರಿಗೆ ಮುತ್ತಿಗೆ ಹಾಕಿದ!

ಅವಳ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿರಲಿಲ್ಲ. ಇದ್ದಷ್ಟನ್ನು ಹೇಳಿದೆ. ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರನ್ನು ನಮ್ಮ ಶಾಸನಗಳು ಹೇಳುವುದು ಅಪರೂಪ. ಆದರೆ ಕೆರೆಯನ್ನು ಕಾಯುವ ಕೆಲಸಕ್ಕೆ ಅವು ಕೊಟ್ಟ ಮಾನ ಸಣ್ಣದಲ್ಲ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಕೆರೆಯನ್ನು ಕಟ್ಟಿಸಿ ಕಾಪಾಡುವವರಿಗೆ ಕೊಡುವ ಭೂಮಿಗೆ ಕೆರೆಗೊಡಗೆಯೆಂದು ಹೆಸರು. ರಕ್ತಕ್ಕೂ ಕೊಡಗೆ, ಹೂಳೆತ್ತುವ ಬೆವರಿಗೂ ಕೊಡಗೆ. ಬಿತ್ತುವಟ್ಟ, ದಸವಂದ ಎಂಬ ಮಾತುಗಳೂ ಕೆರೆಯ ನಿರ್ವಹಣೆಗೆ ಬಿಟ್ಟ ಭೂಮಿ, ಬೆಳೆಯ ಪಾಲು ಇವನ್ನೇ ಸೂಚಿಸುತ್ತವೆ. ಕಟ್ಟಿಸಿದರೆ ಮುಗಿಯಲಿಲ್ಲ, ವರುಷವರುಷವೂ ಹೂಳು ತೆಗೆಯಬೇಕು, ಏರಿಯನ್ನು ಗಟ್ಟಿಮಾಡಬೇಕು, ತೂಬನ್ನು ನೋಡಬೇಕು ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

"ಇದನ್ನ ನಮಗ ಕಲಿಸಿದ್ರ ನಾವೂ ಇತಿಹಾಸ ಓದತಿದ್ವಿ" ಎಂದರು ಓವರ್ಸಿಯರರು. ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಆದರೂ ಚುಚ್ಚಿತು.

ಹಿರೇಕೆರೂರಿನ ದಾರಿ ಹಿಡಿದಾಗ ಬಿಸಿಲು ಇಳಿಮುಖವಾಗಿತ್ತು. ಆ ಊರಿನ ಹತ್ತಿರದ ಅಬಲೂರಿನಲ್ಲಿ ಸ್ವಲ್ಪ ಹೊತ್ತು ನಿಂತೆವು. ಸರ್ವಜ್ಞನು ನಮ್ಮವನೆಂದು ಅಬಲೂರೂ ಹೇಳುತ್ತದೆ, ಮಾಸೂರೂ ಹೇಳುತ್ತದೆ. ಇಲ್ಲಿಯ ಸೋಮೇಶ್ವರ ಗುಡಿಯ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನು ಶಿವನಿಗೆ ಅರ್ಪಿಸಿ, ಏಳು ದಿನದ ಮೇಲೆ ಅದನ್ನು ಮರಳಿ ಪಡೆದನೆಂದೂ, ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಅದರಲ್ಲಿದೆ. ಆ ಗುಡಿಗೆ ಒಂದು ಹಳ್ಳಿಯನ್ನು ದತ್ತಿ ಬಿಟ್ಟವರಲ್ಲಿ ಹಾನಗಲ್ಲಿನ ಅದೇ ಕಾಮದೇವನೂ ಒಬ್ಬ. ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಕಾದುತ್ತಿದ್ದವನು ಸಂಜೆ ಇಲ್ಲಿ ದಾನಿಯಾಗಿ ಸಿಕ್ಕಿದನೆಂದು ಮೊಮ್ಮಗಳಿಗೆ ಹಳೆಯ ಪರಿಚಯದವನನ್ನು ಕಂಡಷ್ಟು ಸಂತೋಷವಾಯಿತು.

ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ. ಊರವರು ಅದನ್ನು ದುರ್ಗಾದೇವಿಯ ಕೆರೆಯೆನ್ನುತ್ತಾರೆ. ಹತ್ತಿರದಲ್ಲಿಯೇ ಚಿಕ್ಕೆರೂರೂ ಇದೆ. ಕೋಡ ಎಂಬ ಹಳೆಯ ತಾಲ್ಲೂಕಿನ ಹೆಸರೂ ಕೆರೆಯ ಕೋಡಿಯಿಂದಲೇ ಬಂದದ್ದೆಂದು ಓವರ್ಸಿಯರರು ವಾದಿಸಿದರು. ಆ ವ್ಯುತ್ಪತ್ತಿ ಅವರದು. ನಾನು ಅದಕ್ಕೆ ಹೊಣೆಯಲ್ಲ.

ಕಡೆಯ ನಿಲುಗಡೆ ಮಾಸೂರಿನ ಬಳಿಯ ಮದಗದ ಕೆರೆ, ಹಿರೇಕೆರೂರಿನ ಹಳೆಯ ತಾಲ್ಲೂಕಿನ ದಕ್ಷಿಣದ ತುದಿಯಲ್ಲಿ. ಕುಮುದ್ವತಿಯ ನೀರನ್ನು ಗುಡ್ಡಗಳ ನಡುವೆ ಅಡ್ಡಗಟ್ಟಿ ಮಾಡಿದ ಇದು ವಿಜಯನಗರದ ಕಾಲದ್ದು. ಇದನ್ನು ಕಂಡರೆ ಏರಿ ಯಾವುದು, ಗುಡ್ಡ ಯಾವುದು ಎಂದು ಹೊಸಬನಿಗೆ ಒಮ್ಮೆಲೆ ಹೊಳೆಯುವುದಿಲ್ಲ; ಏರಿಯ ದಪ್ಪ ಅಷ್ಟು. ಮೊದಲು ಈ ಕೆರೆ ಇಂದಿನದಕ್ಕಿಂತ ಎಷ್ಟೋ ಪಾಲು ದೊಡ್ಡದಿತ್ತು. ಒಂದು ಕಡೆಯ ಕಟ್ಟು ಒಡೆದು ಆ ಮಹಾಜಲ ಹರಿದುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕೆಲಸವನ್ನೇ ಆಧರಿಸಿ ಅದನ್ನು ಚಿಕ್ಕ ಕೆರೆಯಾಗಿ ದುರಸ್ತಿ ಮಾಡಿದರು. ವಿಜಯನಗರದ ಸಿಂಹಾಸನ ಹೋಯಿತು, ಬಿಜಾಪುರದ್ದು ಹೋಯಿತು, ನವಾಬರದ್ದೂ ಪೇಶ್ವೆಯದ್ದೂ ಇಂಗ್ಲಿಷರದ್ದೂ ಹೋಯಿತು. ಒಡೆದರೂ ಮತ್ತೆ ಕಟ್ಟಿಸಿಕೊಂಡು ಇದು ನಿಂತಿದೆ. ಕೆಳಗಿನ ಹೊಲಗದ್ದೆಗಳಿಗೆ ನೀರು ಬೇಕಾಗಿರುವುದೇ ಅದಕ್ಕೆ ಕಾರಣ.

ಕೆರೆಗೆ ಹೆಣ್ಣನ್ನು ಹಾರ ಕೊಟ್ಟ ಕಥೆಗಳು ಕನ್ನಡ ನಾಡಿನ ತುಂಬ ಇವೆ. ಅವನ್ನು ನಮ್ಮ ಹೆಣ್ಣುಮಕ್ಕಳು ಹಾಡಿ ಉಳಿಸಿದರು. ಕಾಳಗದಲ್ಲಿ ಸತ್ತ ಗಂಡಿಗೆ ಕಲ್ಲು ದೊರೆಯಿತು, ನೀರಿಗೆ ಸಂದ ಹೆಣ್ಣಿಗೆ ಹಾಡು ದೊರೆಯಿತು. ಮಣ್ಣು ಹೊತ್ತವರಿಗೆ ಎರಡೂ ದೊರೆಯಲಿಲ್ಲ. ಅವರು ಹೊತ್ತ ಮಣ್ಣಿನ ಮೇಲೆ ನಾವು ನಿಂತಿದ್ದೆವು.

ಸೂರ್ಯ ಗುಡ್ಡದ ಅಂಚಿಗೆ ಬಂದಿದ್ದ. ನೀರಿನ ಮೇಲೆ ಕೊಕ್ಕರೆಗಳು ಸಾಲಾಗಿ ಹಾರಿಹೋದವು. ಮೊಮ್ಮಗಳು ಬೇಡಿದ ದಂಡೆ ಕಡೆಗೂ ಸಿಕ್ಕಿತ್ತು. ಅವಳು ನೀರನ್ನು ನೋಡುತ್ತ ಕೂತಳು. ಓವರ್ಸಿಯರರು ಕೂಡಲಿಲ್ಲ. ಏರಿಯ ಮೇಲೆ ಅಲ್ಲಲ್ಲಿ ಬಗ್ಗಿ, ಮೊಳಕಾಲುದ್ದ ಬೆಳೆದ ಜಾಲಿಯ ಸಸಿಗಳನ್ನು ಕೈಗೆ ಟವೆಲು ಸುತ್ತಿಕೊಂಡು ಬೇರುಸಹಿತ ಕೀಳುತ್ತಿದ್ದರು.

"ಮುಂಜಾನೆ ಗಿಡ ಉಳೀಬೇಕು ಅಂದ್ರಿ, ಈಗ ಕೀಳಾಕತ್ತೀರಲ್ರೀ?" ಎಂದು ಮೊಮ್ಮಗಳು ಕೇಳಿದಳು.

"ಅಲ್ಲಿ ಇರಬೇಕು, ಇಲ್ಲಿ ಇರಬಾರದು ತಂಗಿ. ಇದು ದೊಡ್ಡದಾಗಿ ಸಾಯತೈತಿ. ಬೇರು ಕೊಳೆತ ಜಾಗದಾಗ ದಾರಿ ಆಗತೈತಿ. ಆ ದಾರಿ ಹಿಡದು ನೀರು ಒಳಗ ಹೊಕ್ಕರ ಏರಿ ಹೋತು."

ಅವರು ನಿವೃತ್ತರಾಗಿ ಎಷ್ಟೋ ವರುಷವಾಗಿತ್ತು. ಈ ಕೆಲಸಕ್ಕೆ ಅವರಿಗೆ ಈಗ ಪಗಾರವಿಲ್ಲ, ಕೊಡಗೆಯೂ ಇಲ್ಲ. ಮೊಮ್ಮಗಳು ಎದ್ದುಹೋಗಿ ಇನ್ನೊಂದು ಸಸಿಗೆ ಕೈ ಹಾಕಿದಳು. ನಾನೂ ಧೋತರದ ಚುಂಗು ಸಿಕ್ಕಿಸಿಕೊಂಡು ಬಗ್ಗಿದೆ. ಕತ್ತಲಾಗುವವರೆಗೆ ನಮ್ಮ ಕೈಗೆ ಸಿಕ್ಕವು ಹದಿನಾರು ಸಸಿಗಳು. ಏರಿ ಬಹಳ ಉದ್ದವಿತ್ತು.